ಎಡ ರೆಕ್ಕೆಯ ಸೂಜಿ

ಆರನೆಯ ಕಂತು

“ಸಹಿ ಹಾಕಮ್ಮ, ಮುಗಿಸು,” ಎನ್ನುತ್ತ ದುದುಂಗ್ ಸಾಹೇಬರು ತನಿಖೆಯ ಕಾಗದವನ್ನು ಮೇಜಿನ ಮೇಲೆ ಲಿಲಿಸಳ ಕಡೆಗೆ ತಳ್ಳಿದರು. “ಟ್ಯಾಂಕಿನೊಳಗೆ ಹೋದೋಳು ಇಮಾಸ್ ಒಬ್ಬಳೇ. ಟ್ಯಾಂಕಿನೊಳಗಿಂದ ಬಂದಿದ್ದು ಹೆಂಗಸರ ತಲೆವಸ್ತ್ರದ ಸೂಜಿ. ಇದಕ್ಕೆ ಪತ್ತೇದಾರಿಕೆ ಬೇರೆ ಕೇಡು!”

ಲಿಲಿಸ್ ಗಾಜಿನ ಬಟ್ಟಲನ್ನು ನೋಡಿದಳು. ವಿಮಾನದ ರೆಕ್ಕೆಯೇ ಅದರ ಇಂಧನದ ಟ್ಯಾಂಕು. ಬೆಳಿಗ್ಗೆ ಹನ್ನೊಂದನೇ ವಿಮಾನದ ಎಡ ರೆಕ್ಕೆಗೆ ಇಂಧನ ತುಂಬಿ, ಬಟ್ಟೆಯಲ್ಲಿ ಸೋಸಿ ಹೊರತೆಗೆದಾಗ ಬಟ್ಟೆಯ ಮೇಲೆ ಉಳಿದದ್ದು ಇದು. ಹುಣಿಸೆ ಬೀಜದಷ್ಟು ದೊಡ್ಡ ಬೂದು ಗಂಟು. ಅದರ ಒಂದು ಕಡೆಯಿಂದ ಉಕ್ಕಿನ ಮೊನೆ ಇಣುಕುತ್ತಿತ್ತು. ಬೂದು ಬಣ್ಣದ್ದು ಸೀಲೆಂಟ್, ರೆಕ್ಕೆಯ ಸಂದುಗೊಂದುಗಳಲ್ಲಿ ಇಂಧನ ಸೋರದಂತೆ ಮೆತ್ತುವ ಅಂಟು.

ಒಂದು ಸೂಜಿ ತಾನೇ ಎಂದು ಮೂಗು ಮುರಿಯಬೇಡಿ. ಟ್ಯಾಂಕಿನಲ್ಲಿ ಬಿಟ್ಟ ಕಸ ಒಂದಲ್ಲ ಒಂದು ದಿನ ಪಂಪಿನ ಬಾಯಿಗೆ ಹೋಗಿ ಕೂರುತ್ತದೆ. ಆಮೇಲೆ ನಡು ಆಕಾಶದಲ್ಲಿ ಎಂಜಿನ್ ಬಾಯಾರಿ ನಿಲ್ಲುತ್ತದೆ. ಅದಕ್ಕೇ ವಿಮಾನ ಕಟ್ಟುವ ಬಾಂದುಂಗಿನ ಈ ಷೆಡ್ಡಿನಲ್ಲಿ ಟ್ಯಾಂಕಿಗಿಳಿಯುವವರ ಉಡುಪಿಗೆ ಜೇಬಿಲ್ಲ, ಗುಂಡಿಯಿಲ್ಲ. ಉಂಗುರ ಬಿಚ್ಚಿಡಬೇಕು. ಒಳಗೆ ಹೋದ ಚಿಂದಿ ಬಟ್ಟೆಯನ್ನೂ ಎಣಿಸಿ ಹೊರಗೆ ತರಬೇಕು. ಹನ್ನೊಂದು ವರ್ಷದಿಂದ ಈ ಕಟ್ಟಳೆಯನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದವಳು ಲಿಲಿಸ್. ಷೆಡ್ಡಿನವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ‘ಕಸದಕ್ಕ’ ಎಂದು.

ಪೆನ್ನು ಕೈಯಲ್ಲಿತ್ತು. ನಿಜ ಹೇಳಬೇಕೆಂದರೆ, ಅವಳ ಹೊಟ್ಟೆಯೊಳಗೆ ಹಬ್ಬ ನಡೆದಿತ್ತು.

ಯಾಕಾಗಬಾರದು? ಇಪ್ಪತ್ತು ವರ್ಷದ ಹಿಂದೆ ಇಮಾಸೂ ಲಿಲಿಸೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಒಂದೇ ಬಾಳೆಲೆಯ ಅನ್ನ ಹಂಚಿಕೊಂಡು ತಿಂದವರು. ಎರಡನೇ ಹೆರಿಗೆ ಆದಮೇಲೆ ಲಿಲಿಸಳ ಸೊಂಟ ಟ್ಯಾಂಕಿನ ಕಿಂಡಿಯಲ್ಲಿ ತೂರಲಿಲ್ಲ. ಅರ್ಧಕ್ಕೆ ಸಿಕ್ಕಿಕೊಂಡು ನಾಲ್ಕು ಜನ ಎಳೆಯಬೇಕಾಯಿತು, ಇಡೀ ಪಾಳಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲಿಲಿಸ್‌ಗೆ ಮೇಜು ಕುರ್ಚಿ ಬಂತು. ಇಮಾಸ್‌ಗೆ ಮುದ್ರೆ ಬಂತು. ಹದಿನಾಲ್ಕನೇ ನಂಬರಿನ ಆ ಮುದ್ರೆ ಬಿದ್ದರೆ ಟ್ಯಾಂಕು ಮುಚ್ಚಬಹುದು, ಇನ್ಯಾರೂ ಕೇಳುವಂತಿಲ್ಲ. ಕಡ್ಡಿಯಂಥವಳು ಕಡ್ಡಿಯಾಗಿಯೇ ಉಳಿದಳು, ಅದೇನು ತಿನ್ನುತ್ತಾಳೋ!

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಇಮಾಸಳ ಟ್ಯಾಂಕಿಗೆ ಕಿಂಡಿ ಕಾವಲು ಯಾರು? ಲಿಲಿಸಳ ಗಂಡ ಯಾಯತ್. ಸೀಲೆಂಟಿನ ಆವಿಗೆ ಒಳಗಿದ್ದವರು ಮೂರ್ಛೆ ಹೋದಾರೆಂದು, ಹೊರಗೆ ನಿಂತವನು ಮಾತಾಡಿಸುತ್ತಲೇ ಇರಬೇಕು, ಒಳಗಿನವರು ಓಗೊಡುತ್ತಲೇ ಇರಬೇಕು. ಅದು ಕಟ್ಟಳೆ. ಅಂದರೆ ದಿನಕ್ಕೆ ಎಂಟು ಗಂಟೆ ಲಿಲಿಸಳ ಗಂಡ ಇನ್ನೊಬ್ಬಳ ಜೊತೆ ಮಾತಾಡುತ್ತಾನೆ. ಮನೆಗೆ ಬಂದರೆ “ಉಪ್ಪು”, “ಸಾಕು”, “ದೀಪ ಆರಿಸು”. ಮೂರೇ ಮಾತು. ಮಾತೆಲ್ಲ ಕಿಂಡಿಗೆ ಸುರಿದು ಬಂದವನ ಹತ್ತಿರ ಹೆಂಡತಿಗೆ ಏನು ಉಳಿದೀತು? ಸುಮೆದಂಗಿನಿಂದ ಬಂದಿದ್ದ ಚಿಕ್ಕಮ್ಮನ ಮುಂದೆ ಲಿಲಿಸ್ ಇದನ್ನೇ ಹೇಳಿಕೊಂಡು ಅತ್ತಿದ್ದಳು. “ಇದಕ್ಕೆಲ್ಲ ದಾರಿ ಇದೆ ಮಗಳೇ,” ಎಂದಿದ್ದಳು ಚಿಕ್ಕಮ್ಮ.

ಕಳೆದ ಶುಕ್ರವಾರ ಹತ್ತನೇ ವಿಮಾನವನ್ನು ಕೊಂಡವರ ಕೈಗೆ ಒಪ್ಪಿಸಿದಾಗಂತೂ ಅತಿಯಾಯಿತು. ಒಪ್ಪಿಸುವುದಕ್ಕೆ ಎರಡು ದಿನ ಮೊದಲು ಅದರ ಟ್ಯಾಂಕು ಸೋರಿತ್ತು, ಇಮಾಸ್ ಒಂದೇ ದಿನದಲ್ಲಿ ಸರಿಮಾಡಿದ್ದಳು. ಹಳದಿ ಅನ್ನದ ಗೋಪುರ ಕತ್ತರಿಸಿ, ಗೌರವದ ಪಾಲಾದ ಅದರ ತುದಿಯನ್ನು ದುದುಂಗ್ ಸಾಹೇಬರು ಎಲ್ಲರೆದುರು ಇಮಾಸಳ ತಟ್ಟೆಗೆ ಹಾಕಿದರು. ಜೋರಾಗಿ ಚಪ್ಪಾಳೆ ತಟ್ಟಿದವನು ಯಾಯತ್. ಲಿಲಿಸ್ ಆ ಚಪ್ಪಾಳೆಯನ್ನು ಇನ್ನೂ ಮರೆತಿಲ್ಲ.

ಇವತ್ತು ಅದೇ ಇಮಾಸಳ ಮುದ್ರೆ ದುದುಂಗ್ ಸಾಹೇಬರ ಡ್ರಾಯರಿನಲ್ಲಿತ್ತು. ಲಿಲಿಸ್ ಸಹಿ ಹಾಕಿದರೆ ಕೆಲಸವೂ ಹೋಗುತ್ತದೆ.

“ರಿಜಿಸ್ಟರ್ ನೋಡದೆ ಸಹಿ ಹಾಕಿದೋಳಲ್ಲ ಸಾರ್ ನಾನು. ಮೂರೂವರೆಗೆ ಕೊಡ್ತೀನಿ,” ಎಂದು ಕಾಗದ ಕಿಸೆಗೆ ಹಾಕಿ, ಬಟ್ಟಲು ಎತ್ತಿಕೊಂಡು ಎದ್ದಳು.

“ಟ್ಯಾಂಕನ್ನ ಎರಡು ಸಲ ಕ್ಯಾಮೆರಾ ಬಿಟ್ಟು ನೋಡಿ ಆಯ್ತು. ಇನ್ನೇನೂ ಇಲ್ಲ. ಸುಮ್ನೆ ಎಳೀಬೇಡ.”

ರಿಜಿಸ್ಟರ್ ಒಂದು ನೆವ. ಸಹಿ ಹಾಕುವ ಮುಂಚೆ ಇಮಾಸಳ ಮುಖ ನೋಡಬೇಕಿತ್ತು ಅವಳಿಗೆ.

*

ಸಾಮಾನು ಕೊಡುವ ಕೌಂಟರಿನಲ್ಲಿ ತಾತಂಗ್ ಮಾಮ ಕರಿದ ಚಿರೆಂಗ್ ವಡೆಯನ್ನು ಖಾರದ ಚಟ್ನಿಯಲ್ಲಿ ಅದ್ದುತ್ತಿದ್ದ. ಅವನ ಹಿಂದಿನ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ನೆರಳು ಬಿಡಿಸಿತ್ತು. ತೆಗೆದುಕೊಂಡವರು ಆ ಜಾಗದಲ್ಲಿ ತಮ್ಮ ಹಿತ್ತಾಳೆ ಬಿಲ್ಲೆ ತೂಗುಹಾಕಬೇಕು.

“ಬಂದ್ಲಪ್ಪ ಕಸದಕ್ಕ! ಚಿರೆಂಗಿನ ಚೂರು ಬಿದ್ದಿದ್ರೆ ನಾನೇ ತಿಂದ್ಬಿಡ್ತೀನಮ್ಮ, ಬರ್ಕೋಬೇಡ.”

“ನಗಬೇಡ ಮಾಮ. ಎಡ ರೆಕ್ಕೆ ರಿಜಿಸ್ಟರ್ ಕೊಡು.”

ಆರು ದಿನ ಸೀಲೆಂಟ್ ಕೆಲಸ. ಆರು ದಿನವೂ ಕಿಂಡಿಯ ಪಕ್ಕ ತೂಗಿದ್ದು ಹದಿನಾಲ್ಕನೇ ಬಿಲ್ಲೆ, ಇಮಾಸಳದು. ಕಾವಲು: ಯಾಯತ್. ಲಿಲಿಸ್ ಪುಟ ಮುಚ್ಚಬೇಕೆಂದಿದ್ದಳು. ಆದರೆ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. ಬಿಳಿ ಉಡುಪಿನ ಅಳತೆ.

“ಮಾಮ, ಇದೇನಿದು? ದೊಡ್ಡದು, ದೊಡ್ಡದು, ದೊಡ್ಡದು. ಇಮಾಸ್‌ಗೆ ದೊಡ್ಡ ಉಡುಪ್ಯಾಕೆ? ಅವಳಿಗೆ ಸಣ್ಣದೇ ಜೋಲಾಡತ್ತೆ.”

“ನಾನೂ ಕೇಳ್ದೆ ಕಣಮ್ಮ. ‘ಒಳಗೆ ಸೆಕೆ ಮಾಮ, ಸಡಿಲ ಇದ್ರೆ ಹಾಯಾಗಿರತ್ತೆ’ ಅಂದ್ಲು. ಜೂನ್ ತಿಂಗಳಿಂದ ಹೀಗೇ. ಹೆಂಗಸರ ಬಟ್ಟೆ ಮಾತು, ನಾನ್ಯಾಕೆ ಬಾಯಿ ಹಾಕ್ಲಿ?”

ಅವನ ಕೌಂಟರಿನಿಂದ ಒಂದು ಪ್ಲಾಸ್ಟಿಕ್ ಚಾಕು ಎತ್ತಿಕೊಂಡು, ಬಿಲ್ಲೆ ತೂಗುಹಾಕಿ, ಲಿಲಿಸ್ ಹೊರಟಳು. ದೊಡ್ಡ ಉಡುಪು! ಅದರೊಳಗೆ ಏನು ಬಚ್ಚಿಟ್ಟು ಒಯ್ಯುತ್ತಿದ್ದಳು ಈ ಮಾಯಾಂಗನೆ? ಹೆಜ್ಜೆ ತಾನಾಗಿ ಬಿರುಸಾಯಿತು.

*

ಹನ್ನೆರಡನೇ ವಿಮಾನದ ರೆಕ್ಕೆ ಇನ್ನೂ ಅಟ್ಟಣಿಗೆಯ ಮೇಲೆ ಮಲಗಿತ್ತು. ಅದರ ಕೆಳಗೆ ಮಣೆಯ ಮೇಲೆ ಇಮಾಸ್ ಕೂತಿದ್ದಳು. ಊಟದ ಪೊಟ್ಟಣ ಬಿಚ್ಚಿರಲಿಲ್ಲ.

ಲಿಲಿಸ್ ಎದುರಿಗೆ ಕೂತು, ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ಬೂದು ಗಂಟನ್ನು ಚಾಕುವಿನಿಂದ ನಿಧಾನವಾಗಿ ಕೆರೆಯತೊಡಗಿದಳು. ಸೂಜಿಯ ತಲೆಯ ಬಣ್ಣದ ಮಣಿ ಕಾಣಲಿ, ಇಮಾಸಳ ಕಣ್ಣೆದುರೇ ಕಾಣಲಿ ಎಂಬುದು ಅವಳ ಲೆಕ್ಕ.

“ನಿನ್ನದಾ?”

“ಅಲ್ಲಕ್ಕ. ನಾನು ಕೆಲಸಕ್ಕೆ ಬರುವಾಗ ಸೂಜಿ ಚುಚ್ಚಿದ ವಸ್ತ್ರ ಹಾಕ್ಕೊಂಡು ಎಷ್ಟೋ ವರ್ಷ ಆಯ್ತು. ನಿಮಗೆ ಗೊತ್ತಿಲ್ವಾ?”

ಒಂದು ಕಾಲದಲ್ಲಿ ‘ಏ ಲಿಲಿಸ್, ಬಾರೇ’ ಎನ್ನುತ್ತಿದ್ದವಳು ಈಗ ‘ಅಕ್ಕ, ನೀವು’ ಎನ್ನುತ್ತಾಳೆ. ಅದೂ ಲಿಲಿಸ್‌ಗೆ ಚುಚ್ಚಿತು.

“ಸೀಲೆಂಟ್ ಹಸಿಯಾಗಿದ್ದಾಗ ಬಿದ್ದ ಸೂಜಿ ಇದು. ಆಗ ಒಳಗಿದ್ದೋಳು ನೀನು. ಬಿಲ್ಲೆ ನಿಂದು, ಮುದ್ರೆ ನಿಂದು. ನಿನ್ನದಲ್ದೆ ಜಿನ್ನು ಬಂದು ಬಿಟ್ಟುಹೋಯ್ತಾ?”

ಇಮಾಸ್ ಊಟದ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದಳು.

“ದೊಡ್ಡ ಉಡುಪು ಯಾಕೆ ತಗೋತಿದ್ದೆ?”

ಇಮಾಸಳ ಮುಖದ ಬಣ್ಣ ಇಳಿಯಿತು. ಹಾ! ಇದನ್ನು ನೋಡಲೆಂದೇ ಲಿಲಿಸ್ ಬಂದದ್ದು. ಆದರೆ ನೋಡಿ ಖುಷಿಪಡುವಷ್ಟು ಹೊತ್ತು ಸಿಗಲಿಲ್ಲ.

“ನಾನು ಒಳಗೆ ಹೋಗ್ತಾನೇ ಇಲ್ಲ ಅಕ್ಕ,” ಎಂದಳು ಇಮಾಸ್. “ಜೂನ್‌ನಿಂದ ಒಂದು ಸಲಾನೂ ಹೋಗಿಲ್ಲ.”

“ಏನಂದೆ?”

“ಭೂಕಂಪ ಆಯ್ತಲ್ಲ, ಆವತ್ತು ನಾನು ಟ್ಯಾಂಕಿನ ತುದೀಲಿದ್ದೆ. ರೆಕ್ಕೆ ಅಟ್ಟಣಿಗೆ ಮೇಲೆ ಹೊಯ್ದಾಡ್ತು. ದೀಪ ಹೋಯ್ತು. ಷೆಡ್ಡಲ್ಲಿದ್ದೋರೆಲ್ಲ ಹೊರಗೆ ಓಡಿದ್ರು, ಕಾಲಿನ ಸದ್ದು ಕೇಳಿಸ್ತಿತ್ತು. ನನಗೆ ಹಿಂದಕ್ಕೆ ತೆವಳೋಕೆ ಆಗ್ಲಿಲ್ಲ. ಚೀರಿದೆ. ಯಾಯತಣ್ಣ ಒಬ್ರೇ ನಿಂತಿದ್ರು. ಕಿಂಡಿಯಿಂದ ಸೊಂಟದವರೆಗೆ ಒಳಗೆ ಬಗ್ಗಿ ಕೈ ಚಾಚಿದ್ರು. ಕೈ ಹಿಡ್ಕೊಂಡೇ ಇದ್ರು, ನೆಲ ನಿಲ್ಲೋವರೆಗೂ.”

ಕೈ ಹಿಡಿದುಕೊಂಡೇ ಇದ್ದ! ಲಿಲಿಸಳ ಎದೆಯಲ್ಲಿ ಯಾರೋ ಹಸಿಮೆಣಸಿನಕಾಯಿ ಅರೆದ ಹಾಗಾಯಿತು. ಆ ದಿನ ಅವಳೂ ಆಫೀಸಿನಿಂದ ಬರಿಗಾಲಲ್ಲಿ ಓಡಿದ್ದಳು, ಬಯಲಲ್ಲಿ ನಿಂತು ಗಂಡನನ್ನು ಹುಡುಕಿದ್ದಳು. “ಎಲ್ಲಿದ್ರಿ?” ಎಂದು ಕೇಳಿದ್ದಕ್ಕೆ “ಇಲ್ಲೇ” ಎಂದಿದ್ದ. ಅಷ್ಟೇ.

“ಆಮೇಲೆ?” ಚಾಕು ಕೆರೆಯುತ್ತಲೇ ಇತ್ತು.

“ಆಮೇಲೆ ಕಿಂಡಿ ಕಂಡ್ರೆ ಕೈಕಾಲು ನಡುಗತ್ತೆ. ತಲೆ ಹಾಕಿದ್ರೆ ಉಸಿರು ಕಟ್ಟತ್ತೆ. ಹೇಳಿದ್ರೆ ಮುದ್ರೆ ಹೋಗತ್ತೆ. ಅಪ್ಪನ ಕಿಡ್ನಿ ವಿಷ್ಯ ನಿಮಗೆ ಗೊತ್ತಲ್ಲ, ವಾರಕ್ಕೆರಡು ಸಲ ಆಸ್ಪತ್ರೆ. ಅಳ್ತಾ ಕೂತಿದ್ದೆ. ಯಾಯತಣ್ಣ ‘ನೀನು ಹೊರಗೆ ನಿಂತ್ಕೋ, ನಾನು ಹೋಗ್ತೀನಿ’ ಅಂದ್ರು. ದೊಡ್ಡ ಉಡುಪು ಅವರದು ಅಕ್ಕ.”

“ಸುಳ್ಳು! ಅವರಿಗೆ ಸೀಲೆಂಟ್ ಕೆಲಸ ಎಲ್ಲಿ ಬರತ್ತೆ?”

“ಹನ್ನೆರಡು ವರ್ಷ ಕಿಂಡೀಲಿ ಕಣ್ಣಿಟ್ಟು ನೋಡಿದಾರೆ. ಪರೀಕ್ಷೆ ಬರೀಲಿಲ್ಲ ಅಷ್ಟೇ. ನಿಜ ಹೇಳ್ತೀನಿ, ನನಗಿಂತ ಚೆನ್ನಾಗಿ ಮೆತ್ತುತಾರೆ. ಹತ್ತನೇ ವಿಮಾನದ ಸೋರಿಕೆ ನಿಲ್ಸಿದ್ದು ಯಾರು ಅಂದ್ಕೊಂಡ್ರಿ? ಆ ಹಳದಿ ಅನ್ನ ನನ್ನ ಗಂಟಲಲ್ಲಿ ಇಳೀಲಿಲ್ಲ.”

ಮೂರು ತಿಂಗಳಿಂದ ಇಮಾಸಳ ಕೈಚಳಕ ಎಂದು ಷೆಡ್ಡಿಗೆ ಷೆಡ್ಡೇ ಹೊಗಳಿದ್ದು, ಲಿಲಿಸ್ ಕೇಳಿ ಕೇಳಿ ಕುದ್ದದ್ದು, ತನ್ನ ಗಂಡನ ಕೆಲಸವನ್ನೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ನನಗ್ಯಾಕೆ ಹೇಳ್ಲಿಲ್ಲ ಅವರು?”

“ನಾನೇ ಬೇಡ ಅಂದೆ. ನೀವು ಕಸದಕ್ಕ. ಗೊತ್ತಾದ್ರೆ ಬರೀತೀರಿ.” ಇಮಾಸ್ ತಲೆ ತಗ್ಗಿಸಿದಳು. “ಒಳಗೆ ಕೆಲಸ ಮಾಡ್ತಾ ಹಾಡ್ತಾರೆ ಅಕ್ಕ. ಮಾತಾಡಿಸೋ ಕಷ್ಟಾನೇ ಇಲ್ಲ. ಹಾಡು ನಿಂತ್ರೆ ಮಾತ್ರ ಕೂಗ್ತೀನಿ.”

ಯಾಯತ್ ಹಾಡುತ್ತಾನೆ. ಹದಿನೆಂಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳಿಗೆ ಅದು ಗೊತ್ತಿಲ್ಲ, ಇವಳಿಗೆ ಗೊತ್ತು. ಬೇರೆ ಯಾವ ಮಾತಿಗೂ ಲಿಲಿಸ್‌ಗೆ ಇಷ್ಟು ಹೊಟ್ಟೆ ಉರಿದಿರಲಿಲ್ಲ.

“ಹಾಡೂ ಕೇಳಿದ್ಯಾ, ಕೈಯೂ ಹಿಡಿದ್ಯಾ! ಇನ್ನೇನು ಉಳೀತಮ್ಮ?”

“ಅಕ್ಕ, ಆಣೆ ಮಾಡ್ತೀನಿ—”

“ಆಣೆ ಆಮೇಲೆ. ಒಳಗೆ ಬಿಡೋಕ್ಕಿಂತ ಮುಂಚೆ ಮೈಯೆಲ್ಲ ತಡವಿ ನೋಡ್ಬೇಕು ಅನ್ನೋ ಕಟ್ಟಳೆ ಏನಾಯ್ತು? ಅವರನ್ನ ತಡವಿದ್ಯಾ ಇಲ್ವಾ?”

ಇಮಾಸ್ ಮೊದಲ ಬಾರಿಗೆ ಕಣ್ಣೆತ್ತಿ ಸಿಟ್ಟಿನಿಂದ ನೋಡಿದಳು.

“ಗಂಡಸರನ್ನ ಗಂಡಸರು ತಡವಬೇಕು, ಹೆಂಗಸರನ್ನ ಹೆಂಗಸರು. ಇನ್ನೊಬ್ಬಳ ಗಂಡನ ಮೈಮೇಲೆ ನಾನು ಹೇಗೆ ಕೈ ಆಡಿಸ್ಲಿ? ನನ್ನ ಏನಂತ ತಿಳ್ಕೊಂಡಿದೀರಿ ನೀವು? ಒಂದು ದಿನಾನೂ ಮುಟ್ಟಿಲ್ಲ. ಅವರಾಗೇ ಜೇಬಿಲ್ಲ ಅಂತ ತೋರಿಸಿ ಒಳಗೆ ಹೋಗ್ತಿದ್ರು.”

ಚಾಕುವಿಗೆ ಸಿಕ್ಕ ಬೂದು ಸಿಪ್ಪೆ ಕಳಚಿ ಬಿತ್ತು.

ಸೂಜಿಯ ತಲೆಯಲ್ಲಿ ಮಣಿ ಇರಲಿಲ್ಲ. ಅದು ತಲೆವಸ್ತ್ರದ ಸೂಜಿಯೇ ಅಲ್ಲ. ಹೊಲಿಗೆಯ ಸಣ್ಣ ಸೂಜಿ. ಅದರ ಕಣ್ಣಿನಲ್ಲಿ ಕೆಂಪು ದಾರದ ತುಂಡು. ದಾರದಲ್ಲಿ ಒತ್ತೊತ್ತಾಗಿ ಗಂಟುಗಳು.

ಲಿಲಿಸ್ ಎಣಿಸಲಿಲ್ಲ. ಏಳು ಗಂಟು ಎಂದು ಅವಳಿಗೆ ಗೊತ್ತಿತ್ತು.

ತಿಂಗಳ ಹಿಂದೆ ಸುಮೆದಂಗಿನ ಚಿಕ್ಕಮ್ಮ ಮಂತ್ರಿಸಿ ಕೊಟ್ಟ ಸೂಜಿ. “ಗಂಡನ ಒಳಅಂಗಿಯ ಅಂಚಿನೊಳಗೆ ಹೊಲಿದುಬಿಡು ಮಗಳೇ. ಮನಸ್ಸು ಬೇರೆ ಬಾಗಿಲಿಗೆ ಹೋಗಲ್ಲ.” ಲಿಲಿಸ್ ನಗುತ್ತ ತೆಗೆದುಕೊಂಡಿದ್ದಳು, ಅಳುತ್ತ ಹೊಲಿದಿದ್ದಳು. ಕಸದಕ್ಕನ ಕೈಯಿಂದ ಇಂಥ ಕೆಲಸವೇ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಲ್ಲವೇ? ಅವಳೂ ಯೋಚಿಸಿದ್ದಳು. ಕಾವಲಿನವನು ಕಿಂಡಿಯ ಹೊರಗೆ ನಿಲ್ಲುವವನು, ಟ್ಯಾಂಕಿಗೂ ಅವನ ಅಂಗಿಗೂ ಏನು ಸಂಬಂಧ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಇಮಾಸ್ ತಾನು ಅಂದುಕೊಂಡಂಥ ಹೆಂಗಸೇ ಆಗಿದ್ದರೆ, ಒಂದೇ ಒಂದು ದಿನ ಯಾಯತನ ಸೊಂಟದ ಮೇಲೆ ಕೈ ಇಟ್ಟಿದ್ದರೆ, ಸೂಜಿ ಆವತ್ತೇ ಸಿಗುತ್ತಿತ್ತು. ಲಿಲಿಸ್ ಚಾಕು ಕೆಳಗಿಟ್ಟು ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು.

“ಏನಕ್ಕ? ಯಾಕೆ ಹೀಗಾದ್ರಿ?”

ಲಿಲಿಸ್ ಎದ್ದಳು. ಬಟ್ಟಲು ಕೈಯಲ್ಲೇ ಇತ್ತು. ಅವಳು ಓಡತೊಡಗಿದಳು, ಇಮಾಸ್ ಹಿಂದೆ ಓಡಿದಳು.

ಚಿಕ್ಕಮ್ಮ ಕೊಟ್ಟದ್ದು ಒಂದು ಸೂಜಿಯಲ್ಲ, ಮೂರು.

*

ಹನ್ನೊಂದನೇ ವಿಮಾನ ಬಯಲಿನಲ್ಲಿ ನಿಂತಿತ್ತು. ಯಾಯತ್ ರೆಕ್ಕೆಯ ನೆರಳಲ್ಲಿ ಸಪ್ಪೆ ಚಹಾ ಕುಡಿಯುತ್ತಿದ್ದ. ದುದುಂಗ್ ಸಾಹೇಬರು ಗಡಿಯಾರ ನೋಡುತ್ತ ಅಲ್ಲೇ ಅಡ್ಡಾಡುತ್ತಿದ್ದರು.

“ಬಂದ್ಯಾ? ಕೊಡು ಕಾಗದ.”

ಲಿಲಿಸ್ ಅವರನ್ನು ದಾಟಿ ಗಂಡನ ಮುಂದೆ ನಿಂತಳು. ಏದುಸಿರು ಬಿಡುತ್ತ ಅವನ ಅಂಗಿಯನ್ನು ಮೇಲಕ್ಕೆತ್ತಿದಳು.

“ಲಿಲಿಸ್! ಏನೇ ಇದು, ಎಲ್ಲರೆದುರು?”

“ಸುಮ್ನೆ ನಿಂತ್ಕೊಳ್ರೀ!”

ಒಳಅಂಗಿಯ ಅಂಚನ್ನು ಬೆರಳಿನಿಂದ ತಡವಿದಳು. ಅವಳ ಹೊಲಿಗೆ ಒಂದು ಗೇಣಿನಷ್ಟು ಬಿಚ್ಚಿಹೋಗಿತ್ತು. ಹೋಗದೆ ಏನು? ಬೆವರು ಬಂದರೆ ಒಳಅಂಗಿಯ ಅಂಚು ಎಳೆದು ಮುಖ ಒರೆಸುವ ಚಟ ಅವನಿಗೆ. ಊಟಕ್ಕೆ ಕೂತಾಗಲೂ ಬೈಸಿಕೊಳ್ಳುತ್ತಿದ್ದ. ಟ್ಯಾಂಕಿನ ಸೆಕೆಯಲ್ಲಿ ಬಿಳಿ ಉಡುಪಿನ ಜಿಪ್ಪು ಇಳಿಸಿ ಎಷ್ಟು ಸಲ ಒರೆಸಿದ್ದನೋ!

ಬೆರಳಿಗೆ ಒಂದು ಸೂಜಿ ಸಿಕ್ಕಿತು. ಒಂದೇ.

“ಈ ಒಳಅಂಗಿ ಹಾಕ್ಕೊಂಡು ನೀವು ಯಾವ ಯಾವ ಟ್ಯಾಂಕಿಗೆ ಹೋಗಿದ್ರಿ? ನಿಜ ಹೇಳಿ. ಇಮಾಸ್ ನಂಗೆಲ್ಲ ಹೇಳಿದಾಳೆ.”

ಯಾಯತ್ ಇಮಾಸಳನ್ನು ನೋಡಿದ. ಅವಳು ತಲೆಯಾಡಿಸಿದಳು. ಆ ಒಂದು ನೋಟವೂ ಲಿಲಿಸಳನ್ನು ಸುಟ್ಟಿತು, ಈ ಹೊತ್ತಿನಲ್ಲೂ.

“ಇದರ ಎಡಗಡೇದು,” ಎಂದ ಅವನು, ಹನ್ನೊಂದನೇ ವಿಮಾನದ ಕಡೆ ಗಲ್ಲ ಎತ್ತಿ ತೋರಿಸಿ. “ಮತ್ತೆ ಹತ್ತನೇದು. ಸೋರಿಕೆ ಮುಚ್ಚೋಕೆ.”

“ಏನ್ರೋ ಇದು?” ದುದುಂಗ್ ಸಾಹೇಬರ ದನಿ ಕೀರಲಾಯಿತು. “ಟ್ಯಾಂಕಿಗೆ ಇವನು ಇಳಿದಿದ್ನಾ? ಮುದ್ರೆ ಇಲ್ದೋನು?”

“ಸಾರ್, ಅದನ್ನ ಆಮೇಲೆ ಬೈಯಿರಿ. ಸೋರಿಕೆ ಮುಚ್ಚಿದ ಮೇಲೆ ಹತ್ತನೇ ವಿಮಾನದ ಇಂಧನ ಮತ್ತೆ ಸೋಸಿದ್ರಾ?”

ಸೋಸಿರಲಿಲ್ಲ. ‘ಇಮಾಸಳ ಮುದ್ರೆ ಬಿದ್ದಿದೆ, ಮತ್ತೆ ಸೋಸೋದೇನು, ಶುಕ್ರವಾರಕ್ಕೆ ಕೊಡಬೇಕು’ ಎಂದವರು ಸಾಹೇಬರೇ.

“ಹತ್ತನೇದನ್ನ ನಿಲ್ಲಿಸಿ ಸಾರ್. ಈಗಲೇ ಫೋನ್ ಮಾಡಿ.”

“ಏನಂತ ಮಾಡ್ಲಿ? ಸೂಜಿ ಸಿಕ್ತಲ್ಲ, ಬಟ್ಟಲಲ್ಲೇ ಇದೆ. ಇನ್ನೊಂದಿದೆ ಅಂತ ನಿನಗೆ ಹೇಳ್ದೋರ್ಯಾರು? ಯಾರ ಸೂಜಿ ಅದು?”

ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ತಾತಂಗ್ ಮಾಮನೂ ಬಂದಿದ್ದ. ಲಿಲಿಸಳ ಕಿಸೆಯಲ್ಲಿ ಸಹಿ ಹಾಕದ ಕಾಗದ ಇತ್ತು. ಈಗಲೂ ಇಮಾಸಳ ಹೆಸರು ಹೇಳಿಬಿಡಬಹುದಿತ್ತು. ಹೇಳಿದರೆ ಯಾರೂ ಅನುಮಾನ ಪಡುತ್ತಿರಲಿಲ್ಲ.

“ನಂದು ಸಾರ್,” ಎಂದಳು ಲಿಲಿಸ್. “ಮೂರು ಸೂಜಿ. ಮೂರೂ ನನ್ನ ಕೈಯಾರೆ ಇವರ ಒಳಅಂಗಿ ಅಂಚಿನೊಳಗೆ ಇಟ್ಟು ಹೊಲಿದೋಳು ನಾನು. ಒಂದು ಬಟ್ಟಲಲ್ಲಿದೆ. ಒಂದು ಅಂಗೀಲಿದೆ. ಈ ವಿಮಾನದಲ್ಲಿ ಇನ್ನೇನೂ ಇಲ್ಲ ಅಂತ ನೀವೇ ಕ್ಯಾಮೆರಾ ಬಿಟ್ಟು ನೋಡಿದೀರಿ. ಮೂರನೇದು ಹತ್ತರಲ್ಲೇ ಇರ್ಬೇಕು.”

“ಯಾಕೆ ಹೊಲಿದೆ?” ಎಂದು ಕೇಳಿದವನು ಯಾಯತ್.

ಲಿಲಿಸ್ ಅವನ ಮುಖ ನೋಡಲಾರದೆ ಬಟ್ಟಲಿನ ಕೆಂಪು ದಾರವನ್ನು ತೋರಿಸಿದಳು. ಅಲ್ಲಿದ್ದವರಲ್ಲಿ ಅದು ಏನೆಂದು ತಿಳಿಯದವರಿರಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಇಮಾಸ್ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು.

ದುದುಂಗ್ ಸಾಹೇಬರು ಆಗಲೇ ಫೋನಿನಲ್ಲಿ ಕೂಗುತ್ತಿದ್ದರು. ಹತ್ತನೇ ವಿಮಾನ ಪೂರ್ವದ ದ್ವೀಪಗಳ ನಡುವೆ ಓಡಾಡುತ್ತಿತ್ತು, ದಿನಾ ಇಲ್ಲಿನ ನಾಲ್ಕು ಗಂಟೆಗೆ ಹೊರಡುತ್ತಿತ್ತು. ಗಡಿಯಾರದಲ್ಲಿ ಮೂರು ನಲವತ್ತು. ಇನ್ನೂ ಇಪ್ಪತ್ತು ನಿಮಿಷ ಇದೆ, ಇದೆ, ಎಂದು ಲಿಲಿಸ್ ಮನಸ್ಸಿನಲ್ಲೇ ಹೇಳಿಕೊಂಡಳು.

ಸಾಹೇಬರು ಫೋನನ್ನು ಕಿವಿಯಿಂದ ಇಳಿಸಿದರು.

“ಮೋಡ ಕಟ್ತಿದೆ ಅಂತ ಇವತ್ತು ಬೇಗ ಬಿಟ್ರಂತೆ. ಹಾರಿ ಹನ್ನೆರಡು ನಿಮಿಷ ಆಯ್ತು. ನಲವತ್ತಾರು ಜನ ಇದಾರೆ, ಕೆಳಗೆ ಬರೀ ಸಮುದ್ರ.”

ಫೋನು ಮತ್ತೆ ಕಿರುಗುಟ್ಟಿತು. ಸಾಹೇಬರು ಕೇಳಿಸಿಕೊಂಡು ಯಾಯತನ ತೋಳು ಹಿಡಿದರು.

“ಪೈಲಟ್ ಕೇಳ್ತಿದಾನಂತೆ ಕಣಯ್ಯ. ಎಡ ರೆಕ್ಕೆನಾ, ಬಲ ರೆಕ್ಕೆನಾ? ಯಾವ ಕಡೆ ಅಂತ ಗೊತ್ತಾದ್ರೆ ಆ ಕಡೆ ಎಂಜಿನ್ ನಿಲ್ಸಿ, ಇನ್ನೊಂದನ್ನ ನಂಬ್ಕೊಂಡು ಇಳಿಸ್ತಾನೆ. ಬೇಗ ಹೇಳು, ನೀನು ಯಾವ ರೆಕ್ಕೆಗೆ ಹೋಗಿದ್ದೆ?”

ಯಾಯತ್ ಹೆಂಡತಿಯನ್ನೇ ನೋಡುತ್ತಿದ್ದ. ಇಷ್ಟು ಹೊತ್ತು ಅವನು ಅವಳ ಮುಖವನ್ನು ನೋಡಿ ಎಷ್ಟು ವರ್ಷಗಳಾಗಿದ್ದವೋ.

“ಸೋರ್ತಿದ್ದಿದ್ದು ಬಲಗಡೆ ಸಾರ್,” ಎಂದ. “ಆದ್ರೆ ಎಡಗಡೇನೂ ಒಂದು ಸಲ ನೋಡ್ಬಿಡೋಣ ಅಂತ, ಎರಡಕ್ಕೂ ಹೋಗಿದ್ದೆ.”